ಕೊಬ್ಬರಿ ಎಣ್ಣೆ, ವ್ಯಾಸಲೀನ್, ಯೂರಿಯಾ ಕ್ರೀಮ್: ನನ್ನ ಅಂಗೈ ಅಂಗಾಲಿಗೆ ಹಿಡಿಸಿದ್ದು ಯಾವುದು?

ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ನನಗೆ ಕೊಟ್ಟಿದ್ದು ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ. 14 ದಿನ ಎರಡು ಹೊತ್ತು, ಊಟ ಆಗಿ ಅರ್ಧ ಗಂಟೆಯೊಳಗೆ. ಆಮೇಲೆ 7 ದಿನ ಬಿಡುವು. ಅಲ್ಲಿಗೆ ಒಂದು ಸುತ್ತು. ಕೂದಲು ಉದುರಲಿಲ್ಲ, ಬಚಾವಾದೆ ಅಂದುಕೊಂಡೆ. ಎರಡನೇ ಸುತ್ತಿಗೆ ಅಂಗೈ ಕೆಂಪಾಯಿತು. ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟು ಮುಟ್ಟಿದರೆ ಸಾಕು, ಉರಿ. ನಡೆದರೆ ಚಪ್ಪಲಿಯೊಳಗೆ ಮರಳು ಸೇರಿದ ಹಾಗೆ. ಮೇಲೆ ದಾವಣಗೆರೆಯ ಏಪ್ರಿಲ್ ಬಿಸಿಲು. ಮಾತ್ರೆಯಿಂದಾಗುವ ಈ ಉರಿಗೆ ಹ್ಯಾಂಡ್ ಫುಟ್ ಸಿಂಡ್ರೋಮ್ ಅಂತಾರೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಮೊದಲು ಕೊಬ್ಬರಿ ಎಣ್ಣೆ. ಮನೆಯಲ್ಲೇ ಇತ್ತು, ಉರಿಯಲಿಲ್ಲ, ಹಾಯ್ ಅನ್ನಿಸಿತು. ಆದರೆ ಗಂಟೆಯೊಳಗೆ ಮತ್ತೆ ಅದೇ ಒಣಗು. ಚೆನ್ನಾಗಿ ಇಳಿಯಲಿ ಅಂತ ಗಸಗಸ ತಿಕ್ಕಿದ್ದು ನನ್ನದೇ ತಪ್ಪು, ಈ ಚರ್ಮಕ್ಕೆ ತಿಕ್ಕುವುದೇ ಆಗಬಾರದು. ಪಕ್ಕದ ಮನೆಯ ಅಕ್ಕ ಬೆಣ್ಣೆ ತಂದರು. "ಕಾಲಿಗೆ ಹಚ್ಕಳ್ರಿ, ತಂಪು" ಅಂದರು. ನಮ್ಮೂರಲ್ಲಿ ದೋಸೆಗೂ ಬೆಣ್ಣೆ, ಕಾಲಿಗೂ ಬೆಣ್ಣೆ! ರಾತ್ರಿ ಹಾಸಿಗೆಗೆ ಇರುವೆ ಬಂದವು. ಅಲ್ಲಿಗೆ ಮುಗಿಯಿತು.

ಮದರಂಗಿ ಹಚ್ಚು ಅಂದವರೂ ಇದ್ದರು. ನಾನು ಹಚ್ಚಲಿಲ್ಲ. ಅಂಗೈಯೆಲ್ಲ ಕೆಂಪಾದರೆ ಕಾಯಿಲೆಯ ಕೆಂಪು ಯಾವುದು, ಬಣ್ಣ ಯಾವುದು ಅಂತ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ನಿಜವಾದ ಪೈಪೋಟಿ ಇದ್ದದ್ದು ವ್ಯಾಸಲೀನ್‌ಗೂ ಹತ್ತು ಪರ್ಸೆಂಟ್ ಯೂರಿಯಾ ಕ್ರೀಮಿಗೂ. ವ್ಯಾಸಲೀನ್ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರು ಆರದಂತೆ ಮುಚ್ಚುತ್ತದೆ ಅಷ್ಟೆ. ಹಾಗಾಗಿ ಒಣಗಿದ ಕಾಲಿಗೆ ಬಳಿದುಕೊಂಡರೆ ಸುಮ್ನೆ ಜಿಡ್ಡು. ತಣ್ಣೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಟವೆಲ್ಲಿನಿಂದ ಒತ್ತಿ, ಇನ್ನೂ ಪಸೆ ಇರುವಾಗಲೇ ಹಚ್ಚಿ ಹತ್ತಿ ಸಾಕ್ಸ್ ಹಾಕಿಕೊಂಡೆ. ಬೆಳಿಗ್ಗೆ ಹಿಮ್ಮಡಿ ಮೆತ್ತಗಾಗಿತ್ತು. ಸೆಕೆಯ ರಾತ್ರಿ ಮಾತ್ರ ಸಾಕ್ಸ್ ಕಿತ್ತೆಸೆಯುವಷ್ಟು ಬೆವರು.

ಯೂರಿಯಾ ಕ್ರೀಮ್ ಹಾಗಲ್ಲ. ಅದು ನೀರನ್ನು ಹಿಡಿದಿಟ್ಟುಕೊಂಡು ದಪ್ಪ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಜಿಡ್ಡಿಲ್ಲ, ಹಗಲು ಪಾತ್ರೆ ಹಿಡಿದರೂ ಜಾರುವುದಿಲ್ಲ. ಆದರೆ ಬಿರುಕಿಗೆ ತಾಗಿದರೆ ಕಣ್ಣಲ್ಲಿ ನೀರು! ನನ್ನ ಲೆಕ್ಕದಲ್ಲಿ ಚರ್ಮ ಒಡೆಯುವ ಮುಂಚೆ ಯೂರಿಯಾನೇ ಗೆದ್ದಿತು. ಒಡೆದ ಜಾಗಕ್ಕೆ ವ್ಯಾಸಲೀನ್. ಮಾತ್ರೆ ಶುರುವಾದ ದಿನದಿಂದಲೇ ಕ್ರೀಮ್ ಹಚ್ಚಬೇಕಿತ್ತು, ಉರಿ ಬರುವ ತನಕ ಕಾದು ಕೂತೆ.

ಇನ್ನೊಂದು ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್. ದೆಹಲಿಯ ಏಮ್ಸ್‌ನವರು ಇದೇ ಮಾತ್ರೆ ತಗೊಳ್ಳುವವರ ಕೈಗೆ ಹಚ್ಚಿಸಿ ನೋಡಿದ್ದಾರೆ, ಫಲಿತಾಂಶ 2024ರಲ್ಲಿ ಬಂತು. ಜಾಸ್ತಿ ತೊಂದರೆಯಾದವರು ಈ ಜೆಲ್ ಹಚ್ಚಿದವರಲ್ಲಿ ನೂರಕ್ಕೆ ಸುಮಾರು 4, ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದವರಲ್ಲಿ 15. ನನಗೆ ಡಾಕ್ಟರು ಕೊನೆಯ ಎರಡು ಸುತ್ತಿಗೆ ಬರೆದುಕೊಟ್ಟರು. ಕೈ ಹಗುರಾಯಿತು. ಮೊಣಕಾಲಿಗೆಂದು ತಂದಿಟ್ಟ ಟ್ಯೂಬ್ ಹಚ್ಚಬೇಡಿ, ಅಂಥವುಗಳಲ್ಲಿ ಮೆಂಥಾಲ್ ಕೂಡ ಇರುತ್ತದೆ, ಉರಿ ಹೆಚ್ಚುತ್ತದೆ. ಒಡೆದ ಚರ್ಮಕ್ಕೂ ಬೇಡ.

ಚಪ್ಪಲಿಯಲ್ಲಿ ಹವಾಯಿ ಸೋತಿತು, ಬೆರಳ ಸಂದಿ ಪಟ್ಟಿ ಉಜ್ಜಿ ಗುಳ್ಳೆ. ಶುಗರ್‌ನವರು ಹಾಕುವ ಮೆತ್ತನೆ ಎಂಸಿಆರ್ ಚಪ್ಪಲಿ ಮನೆಯೊಳಗೂ ಹಾಕಿದೆ. ಅತ್ತೆಗೆ ಇಷ್ಟವಾಗಲಿಲ್ಲ, ಏನೂ ಅನ್ನಲಿಲ್ಲ.

ನಾಲ್ಕನೇ ಸುತ್ತಿಗೆ ಗುಳ್ಳೆ ಎದ್ದು, ಅಂಗಿಯ ಗುಂಡಿ ಹಾಕಲೂ ಆಗಲಿಲ್ಲ. ಮಾತ್ರೆ ನಿಲ್ಲಿಸಿಬಿಡ್ತಾರೇನೋ ಅಂತ ಹೆದರಿ ಮೂರು ದಿನ ಬಾಯಿ ಬಿಡಲಿಲ್ಲ. ಕೊನೆಗೆ ಯಜಮಾನರೇ ಫೋನ್ ಮಾಡಿದರು. ಡಾಕ್ಟರು ಒಂದು ವಾರ ಮಾತ್ರೆ ನಿಲ್ಲಿಸಿ, ಆಮೇಲೆ ಡೋಸ್ ಇಳಿಸಿದರು. ಆ ಒಂದು ವಾರ ಮಾಡಿದ್ದನ್ನು ಯಾವ ಕ್ರೀಮೂ ಮಾಡಿರಲಿಲ್ಲ.

ಬೆರಳಿನ ಗೆರೆ ಮಾತ್ರ ಅಳಿಸಿಹೋಗಿತ್ತು, ಈ ಮಾತ್ರೆಯಿಂದ ಹಾಗಾಗುವುದುಂಟಂತೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ನು ಗುರುತು ಹಿಡಿಯಲೇ ಇಲ್ಲ. ಒರೆಸಿ, ಒತ್ತಿ, ಮತ್ತೆ ಒರೆಸಿ. ಹಿಂದಿನವರು "ಬೇಗ ಆಗ್ಲಿ ಅಮ್ಮಾ" ಅಂದರು. ಆ ತಿಂಗಳು ಯಜಮಾನರ ಹೆಬ್ಬೆಟ್ಟಿಗೇ ಅಕ್ಕಿ ಬಂತು.