ಬಾಲ್ಸಾ ವಿಮಾನಕ್ಕೆ ಯಾವ ಹೊದಿಕೆ? ಒರಾಕವರ್, ಮೊನೊಕೋಟ್, ಟಿಶ್ಯೂ ಬಗ್ಗೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ಬಾಲ್ಸಾ ಅನ್ನುವ ಹಗುರ ಮರದಿಂದ ಮಾಡಿದ ಮಧ್ಯಮ ಗಾತ್ರದ ರೇಡಿಯೊ ಕಂಟ್ರೋಲ್ ವಿಮಾನಕ್ಕೆ ನನ್ನ ಆಯ್ಕೆ ಒರಾಕವರ್, ಅಂದರೆ ಐರನ್ ಬಿಸಿಯಿಂದ ಅಂಟಿಸುವ ತೆಳು ಪ್ಲಾಸ್ಟಿಕ್ ಫಿಲ್ಮ್. ಅಮೆರಿಕದಲ್ಲಿ ಇದು ಅಲ್ಟ್ರಾಕೋಟ್ ಅನ್ನುವ ಹೆಸರಲ್ಲಿ ಸಿಗುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅಂಟುತ್ತದೆ. ಚೆನ್ನಾಗಿ ಬಿಗಿಯಾಗಬೇಕಾದರೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಈ ಅಂತರ ಇರುವುದರಿಂದಲೇ ಕೆಲಸ ಸುಲಭ. ಅಂಚು ಸರಿಯಾಗಿ ಕೂರಲಿಲ್ಲ ಅಂದರೆ ಮತ್ತೆ ಬಿಸಿ ಮಾಡಿ, ಎತ್ತಿ, ಎಳೆದು ಕೂರಿಸಬಹುದು, ರೆಕ್ಕೆಯ ತುದಿಯ ತಿರುವಿನಲ್ಲೂ ಸುಕ್ಕು ಉಳಿಯುವುದಿಲ್ಲ.

ಮೊನೊಕೋಟ್ ಕೂಡ ಇಂಥದ್ದೇ ಫಿಲ್ಮ್, ಹಳೆಯ ಹೆಸರು. ಹೊಳಪು ಚೆನ್ನಾಗಿದೆ, ಎಂಜಿನ್ ಎಣ್ಣೆ ಒರೆಸಿದರೆ ಹೋಗುತ್ತದೆ. ಆದರೆ ಅದಕ್ಕೆ ಬಿಸಿ ಜಾಸ್ತಿ ಬೇಕು, ಫಿಲ್ಮ್ ಸ್ವಲ್ಪ ಗಡಸು. ಹೊಸಬರಿಗೆ ನಾನು ಹೇಳುವುದಿಲ್ಲ.

ಬಣ್ಣ ನೋಡುವ ಮೊದಲು ತೂಕ ನೋಡಿ. ಮಾಮೂಲಿ ಒರಾಕವರ್ ಚದರ ಮೀಟರಿಗೆ ಸುಮಾರು 60 ಗ್ರಾಂ. ಅದರದ್ದೇ ಲೈಟ್ ಫಿಲ್ಮ್ ಹೆಚ್ಚೂಕಡಿಮೆ ಅರ್ಧ ತೂಕ. 40 ಚದರ ಡೆಸಿಮೀಟರ್ ರೆಕ್ಕೆ ಅಂದುಕೊಳ್ಳಿ, ಮೇಲೆ ಕೆಳಗೆ ಸೇರಿ 0.8 ಚದರ ಮೀಟರ್ ಆಯಿತು, ಅಂದರೆ ಒಂದರಲ್ಲಿ 48 ಗ್ರಾಂ, ಇನ್ನೊಂದರಲ್ಲಿ ಸುಮಾರು 24. ದೊಡ್ಡ ವಿಮಾನಕ್ಕೆ ಇದು ಏನೂ ಅಲ್ಲ, ಹಗುರವಾದ ಗ್ಲೈಡರಿಗೆ ಬಹಳ ದೊಡ್ಡದು. ಬಾಲಕ್ಕಂತೂ ಲೈಟ್ ಫಿಲ್ಮನ್ನೇ ಹಾಕಿ. ಬಾಲ ಗುರುತ್ವ ಕೇಂದ್ರದಿಂದ ದೂರ ಇರುತ್ತದೆ, ಮೂಗು ಹತ್ತಿರ ಇರುತ್ತದೆ. ಹಾಗಾಗಿ ಬಾಲದಲ್ಲಿ ಸೇರಿದ ಒಂದೊಂದು ಗ್ರಾಂ ಸರಿದೂಗಿಸೋಕೆ ಮೂಗಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸೀಸ ತುಂಬಬೇಕಾಗುತ್ತದೆ. ಸುಮ್ನೆ ಹೊರುವ ತೂಕ ಅಲ್ವಾ ಅದು?

ರಬ್ಬರ್ ಶಕ್ತಿಯ ಸಣ್ಣ ಫ್ರೀ ಫ್ಲೈಟ್ (ರಿಮೋಟ್ ಇಲ್ಲದೆ ತಾನೇ ಹಾರುವ) ಮಾದರಿಗಳಿಗೆ ಫಿಲ್ಮ್ ಬೇಡವೇ ಬೇಡ. ಅಲ್ಲಿ ತೆಳು ಕಾಗದವಾದ ಜಪಾನೀ ಟಿಶ್ಯೂಗೆ ಸಾಟಿ ಇಲ್ಲ, ನನಗೆ ಅತಿ ಇಷ್ಟದ ಹೊದಿಕೆಯೂ ಅದೇ. ಹಗುರ ಅನ್ನುವುದು ಒಂದೇ ಕಾರಣ ಅಲ್ಲ. ಡೋಪ್ (ಒಣಗಿದಾಗ ಬಿಗಿಯಾಗುವ, ವಾರ್ನಿಷ್ ಥರದ ದ್ರವ) ಹಚ್ಚಿ ಒಣಗಿಸಿದ ಟಿಶ್ಯೂ ಚೌಕಟ್ಟಿಗೆ ನಿಜವಾದ ಬಿಗಿತ ಕೊಡುತ್ತದೆ, ರೆಕ್ಕೆ ಹಿಡಿದು ತಿರುಚಿ ನೋಡಿದರೆ ಗೊತ್ತಾಗುತ್ತದೆ. ಫಿಲ್ಮ್ ಅಷ್ಟು ಬಿಗಿತ ಕೊಡುವುದಿಲ್ಲ. ಚೌಕಟ್ಟೇ ಮೆತ್ತಗಿದ್ದರೆ ಫಿಲ್ಮ್ ಅದನ್ನು ಕಾಪಾಡುತ್ತದೆ ಅಂದುಕೊಳ್ಳಬೇಡಿ. ಟಿಶ್ಯೂಗೆ ಎಳೆಯ ದಿಕ್ಕು ಇದೆ, ಹರಿದು ನೋಡಿ, ನೇರವಾಗಿ ಹರಿಯುವುದು ಎಳೆಯ ಉದ್ದಕ್ಕೆ. ಅದನ್ನು ರೆಕ್ಕೆಯ ಉದ್ದಕ್ಕೇ ಇಡಿ, ಇಲ್ಲದಿದ್ದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್‌ಗಳ ನಡುವೆ ಜಾಸ್ತಿ ತಗ್ಗಾಗುತ್ತದೆ. ಅಂಟಿಸಿದ ಮೇಲೆ ನೀರಿನ ಸಣ್ಣ ತುಂತುರು ಸಿಂಪಡಿಸಿ, ಒಣಗುವ ತನಕ ರೆಕ್ಕೆಯನ್ನು ಸಮತಟ್ಟಾದ ಹಲಗೆಗೆ ಪಿನ್ ಹಾಕಿ ಹಿಡಿದಿಡಿ, ಇಲ್ಲವಾದರೆ ಒಂದು ಕಡೆ ಎಳೆದು ರೆಕ್ಕೆ ಸೊಟ್ಟ ಆಗುತ್ತದೆ. ಡೋಪ್‌ಗೆ ಕೆಲವು ಹನಿ ಹರಳೆಣ್ಣೆ ಸೇರಿಸಿದರೆ ಆ ಎಳೆತ ಕಡಿಮೆಯಾಗುತ್ತದೆ. ಗ್ಲೋ ಎಂಜಿನ್ (ಮೆಥನಾಲ್ ಇಂಧನದ ಸಣ್ಣ ಎಂಜಿನ್) ಇದ್ದರೆ ನೈಟ್ರೇಟ್ ಡೋಪ್ ಮಾತ್ರ ಸಾಲದು, ಇಂಧನ ಅದನ್ನು ಕರಗಿಸುತ್ತದೆ, ಮೇಲೆ ಬ್ಯುಟಿರೇಟ್ ಡೋಪ್ ಬೇಕು. ಕಿಟಕಿ ತೆರೆದೇ ಡೋಪ್ ಹಚ್ಚಿ, ಬೆಂಕಿ ಹತ್ತಿರ ಬೇಡ, ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ.

ಫೋಮ್ ರೆಕ್ಕೆಗೆ ಕಡಿಮೆ ಬಿಸಿಯಲ್ಲಿ ಅಂಟುವ ಫಿಲ್ಮ್ ಮಾತ್ರ. ಐರನ್ ಬಿಸಿಯನ್ನು ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷಿಸಿ.

ಯಾವ ಫಿಲ್ಮ್ ಆದರೂ ಮರವನ್ನು ನುಣ್ಣಗೆ ಉಜ್ಜಿ, ಧೂಳು ಪೂರ್ತಿ ತೆಗೆಯಿರಿ. ಒಂದು ಕಣ ಉಳಿದರೂ ಹೊಳಪಿನ ಕೆಳಗೆ ಎದ್ದು ಕಾಣುತ್ತದೆ. ರೆಕ್ಕೆಯ ಕೆಳಭಾಗ ಮೊದಲು, ಮೇಲ್ಭಾಗ ಆಮೇಲೆ, ಆಗ ಜೋಡಣೆಯ ಅಂಚು ಕಣ್ಣಿಗೆ ಬೀಳುವುದಿಲ್ಲ. ಕೆಳಗೆ ಒಳಬಾಗು ಇದ್ದರೆ ಬಿಗಿ ಮಾಡುವ ಮುಂಚೆಯೇ ಪ್ರತಿ ರಿಬ್‌ಗೂ ಅಂಟಿಸಿ. ಬಣ್ಣದಲ್ಲಿ ಕಡು ಬಣ್ಣ ಬಿಸಿಲಿಗೆ ಜಾಸ್ತಿ ಕಾಯುತ್ತದೆ, ಫಿಲ್ಮ್ ಸಡಿಲಾಗಿ ಸುಕ್ಕು ಬರಬಹುದು, ಐರನ್ ಆಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪಾರದರ್ಶಕ ಫಿಲ್ಮ್ ಒಳಗಿನ ರಿಬ್ ತೋರಿಸಿ ಚೆಂದ ಕಾಣುತ್ತದೆ ನಿಜ, ಆದರೆ ಎರಡೂ ಕಡೆ ಅದನ್ನೇ ಹಾಕಿದರೆ ದೂರ ಹೋದಾಗ ವಿಮಾನ ಎತ್ತ ವಾಲಿದೆ ಅಂತ ಗೊತ್ತಾಗುವುದು ಕಷ್ಟ, ಅದಕ್ಕೇ ಕೆಳಭಾಗಕ್ಕೆ ನಾನು ಗಾಢ ಬಣ್ಣದ ಅಗಲ ಪಟ್ಟಿ ಹಾಕುತ್ತೇನೆ.