ಏರ್‌ಗನ್ ಪೆಲೆಟ್: 4.5 ಸಾಕಾ, 5.5 ಬೇಕಾ? ಬಹಳ ಕಾಲ ಬಳಸಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೊಸದಾಗಿ ಏರ್‌ಗನ್ ಕೊಳ್ಳುವವರಿಗೆ ಕ್ಯಾಲಿಬರ್ (ಗುಂಡಿನ, ಅಂದರೆ ಪೆಲೆಟ್‌ನ ಅಡ್ಡಳತೆ) ಆಯ್ಕೆ ಅಂತ ದೊಡ್ಡದಾಗಿ ಏನೂ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು 4.5 ಮಿ.ಮೀ. ಮಾತ್ರ, ಅಂದರೆ ಪಾಯಿಂಟ್ 177 ಇಂಚು. ಅದೂ 20 ಜೌಲ್ ಶಕ್ತಿಯ ಒಳಗೆ ಇರಬೇಕು. 5.5 (ಪಾಯಿಂಟ್ 22) ಆಗಲಿ, 6.35 (ಪಾಯಿಂಟ್ 25) ಆಗಲಿ ಬೇಕು ಅಂದರೆ ಲೈಸೆನ್ಸ್ ಮಾಡಿಸಬೇಕು. ಹೀಗಿದ್ದರೂ ವಿಡಿಯೋ ನೋಡಿಕೊಂಡು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಟೂ ಟೂ ತಗೊಂಡ್ರೆ ಪವರ್ ಜಾಸ್ತಿ ಅಲ್ವಾ?"

ಅಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ಹತ್ತಿರ ಇರುವುದು ನಳಿಗೆ ಮಡಚಿ ಗುಂಡು ತುಂಬುವ ಸ್ಪ್ರಿಂಗ್ ರೈಫಲ್, 4.5. ಮೈಸೂರಿನಲ್ಲಿ ಮನೆ ಪಕ್ಕದ ಉದ್ದನೆ ಪ್ಯಾಸೇಜಿನಲ್ಲಿ 10 ಮೀಟರ್ ಹೊಡೆಯುತ್ತೇನೆ. ಗುರಿಯ ಹಿಂದೆ ಮರಳಿನ ಮೂಟೆ, ಅದರ ಹಿಂದೆ ಗೋಡೆ. ರಜೆ ಬಂದರೆ ಪಾಂಡವಪುರದ ಹತ್ತಿರ ತೋಟದಲ್ಲಿ 25-30 ಮೀಟರ್. ಮಗಳು ಕ್ಲಬ್ಬಿನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಹಾಗಾಗಿ ಪೆಲೆಟ್ ಡಬ್ಬಿಗಳಿಗೆ ನಮ್ಮ ಮನೆಯಲ್ಲಿ ಬರವಿಲ್ಲ. 5.5 ಹೊಡೆದಿರುವುದು ಪರಿಚಯದ ಹಿರಿಯರೊಬ್ಬರ ಲೈಸೆನ್ಸ್ ಇರುವ ರೈಫಲ್‌ನಲ್ಲಿ, ಅವರ ಎದುರಿಗೇ.

ಪವರ್ ಬರುವುದು ಗನ್ನಿನಿಂದ, ಗುಂಡಿನ ದಪ್ಪದಿಂದ ಅಲ್ಲ. 20 ಜೌಲ್ ಅಂತ ಇಟ್ಟುಕೊಳ್ಳಿ. 0.53 ಗ್ರಾಂ ತೂಕದ 4.5 ಪೆಲೆಟ್ ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದೇ ಶಕ್ತಿಗೆ 0.95 ಗ್ರಾಂನ 5.5 ಪೆಲೆಟ್ ಹೊರಡುವುದು 205ರ ಆಸುಪಾಸಿನಲ್ಲಿ. ನಿಧಾನಕ್ಕೆ ಹೋಗುವುದು ಜಾಸ್ತಿ ಹೊತ್ತು ಗಾಳಿಯಲ್ಲಿರುತ್ತದೆ, ಜಾಸ್ತಿ ಕೆಳಗೆ ಬೀಳುತ್ತದೆ. 30 ಮೀಟರ್‌ಗೆ 5.5ರ ಇಳಿತ ಒಂದೂವರೆ ಪಟ್ಟಿಗೂ ಮೇಲೆ. ತೋಟದಲ್ಲಿ ದೂರವನ್ನು ಅಳತೆ ಟೇಪು ಹಿಡಿದು ಯಾರೂ ನೋಡುವುದಿಲ್ಲ. ಅಂದಾಜು ಐದು ಮೀಟರ್ ಆಚೀಚೆ ಆದರೂ 4.5 ತಡೆದುಕೊಳ್ಳುತ್ತದೆ, 5.5 ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಬೇರೆ ಬೇರೆ ದೂರದ ತಗಡಿನ ಗುರಿ ಬೀಳಿಸುವ ಫೀಲ್ಡ್ ಟಾರ್ಗೆಟ್ ಆಟದವರು ಹೆಚ್ಚಾಗಿ 4.5ನ್ನೇ ಹಿಡಿಯುವುದು ಇದಕ್ಕೇ.

ಹಾಗಾದರೆ 5.5 ಯಾರಿಗೆ? ಹೊರದೇಶಗಳಲ್ಲಿ ಇಲಿ, ಮೊಲ ಹೊಡೆಯುವವರಿಗೆ. ಗುಂಡು ಅಗಲ, ಹೊಡೆದ ಜಾಗದಲ್ಲೇ ಶಕ್ತಿ ಬಿಟ್ಟುಕೊಡುತ್ತದೆ. 6.35 ಇನ್ನೂ ಭಾರ, ಅದಕ್ಕೆ ಸಿಲಿಂಡರ್‌ನಲ್ಲಿ ಗಾಳಿ ತುಂಬಿಸುವ ಪಿಸಿಪಿ ರೈಫಲ್ಲೇ ಸರಿ. 5 ಮಿ.ಮೀ. ಅಂತಲೂ ಒಂದಿದೆ, ಅದನ್ನು ಮರೆತುಬಿಡಿ. 5.5ರಲ್ಲಿ ನನಗೆ ಇಷ್ಟವಾದ ಸಂಗತಿ ಒಂದೇ: ಬೆರಳಿಗೆ ಸಿಗುತ್ತದೆ. 4.5 ಪೆಲೆಟ್ ಕೈ ಬೆವತಾಗ ಜಾರಿ ಹುಲ್ಲಿಗೆ ಬಿದ್ದರೆ ಹುಡುಕುವುದು ದಂಡ.

ಇನ್ನು ಸ್ಪರ್ಧೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದು, ಎಲ್ಲಾ 4.5ರಲ್ಲೇ. 10 ಮೀಟರ್ ಆಟಕ್ಕೆ ನಿಯಮವೇ ಅದು. ಏರ್ ರೈಫಲ್ ಗುರಿಯ ನಡುವಿನ 10ರ ಚುಕ್ಕೆ ಎಷ್ಟು ದೊಡ್ಡದು ಗೊತ್ತಾ? ಅಡ್ಡಳತೆ ಬರೀ ಅರ್ಧ ಮಿ.ಮೀ. ಗುಂಡಿನ ಅಂಚು ಅದಕ್ಕೆ ತಾಗಿದರೆ 10 ಅಂಕ. ದಪ್ಪ ಗುಂಡು ಹೊಡೆದವನಿಗೆ ಸುಮ್ನೆ ಲಾಭ ಆಗಿಬಿಡುತ್ತಿತ್ತು.

ನಿಜವಾಗಿ ದುಡ್ಡು ಮತ್ತು ತಲೆ ಖರ್ಚು ಮಾಡಬೇಕಾದದ್ದು 4.5ರ ಒಳಗಿನ ವ್ಯತ್ಯಾಸಗಳ ಮೇಲೆ. ತಲೆ ಚಪ್ಪಟೆ ಇರುವ ಪೆಲೆಟ್ ಕಾಗದದ ಮೇಲೆ ಪಂಚಿಂಗ್ ಮಷೀನ್ ಹೊಡೆದ ಹಾಗೆ ದುಂಡಗಿನ ತೂತು ಮಾಡುತ್ತದೆ. ಅಂಕ ಎಣಿಸಲು ಅದೇ ಬೇಕು. ಮಗಳಿಗೆ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಒಮ್ಮೊಮ್ಮೆ ಆರ್‌ಡಬ್ಲ್ಯುಎಸ್ ಆರ್10 ತರಿಸುತ್ತೇನೆ. ಎರಡೂ ಜರ್ಮನಿಯವು. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಆದರೆ 10 ಮೀಟರ್‌ನಲ್ಲಿ ಇವುಗಳ ಮೇಲೆ ನನ್ನದು ಒಂದು ದೂರೂ ಇಲ್ಲ. ತೋಟದಲ್ಲಿ ಇವೇ ಪೆಲೆಟ್ 25 ಮೀಟರ್ ದಾಟುತ್ತಿದ್ದಂತೆ ಚದುರಲು ಶುರು ಮಾಡುತ್ತವೆ. ಚಪ್ಪಟೆ ತಲೆ ಗಾಳಿಯನ್ನು ಸೀಳುವುದಿಲ್ಲ, ಬೇಗ ವೇಗ ಕಳೆದುಕೊಳ್ಳುತ್ತದೆ. ಅಲ್ಲಿಗೆ ದುಂಡನೆ ತಲೆಯದ್ದೇ ಸರಿ. ನಾನು ಬಳಸುವುದು ಚೆಕ್ ದೇಶದ ಜೆಎಸ್‌ಬಿ ಎಕ್ಸಾಕ್ಟ್, 8.44 ಗ್ರೇನ್ (ಸುಮಾರು 0.55 ಗ್ರಾಂ). ಚೂಪು ತಲೆಯವು ನೋಡಲು ಚೆಂದ, ಅಷ್ಟೇ.

ತೂಕದ ವಿಷಯದಲ್ಲಿ ಸ್ಪ್ರಿಂಗ್ ಗನ್ ಇರುವವರು ಸ್ವಲ್ಪ ಹುಷಾರು. ಸೀಸವಲ್ಲದ, ತೀರಾ ಹಗುರ ಪೆಲೆಟ್‌ಗಳನ್ನು "ಹೈ ಸ್ಪೀಡ್" ಅಂತ ಮಾರುತ್ತಾರೆ. ಮುಂದೆ ತಡೆ ಇಲ್ಲದೆ, ಗನ್ನಿನೊಳಗೆ ಗಾಳಿ ಒತ್ತುವ ಪಿಸ್ಟನ್ ಹೋಗಿ ಬಡಿಯುತ್ತದೆ, ಸ್ಪ್ರಿಂಗು ಮತ್ತು ಸೀಲು ಬೇಗ ಸಾಯುತ್ತವೆ. ತೀರಾ ಭಾರದ್ದು ಹಾಕಿದರೆ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ. ಎಂಟು ಗ್ರೇನ್ ಆಸುಪಾಸು ನನ್ನ ಗನ್ನಿಗೆ ಒಗ್ಗಿದೆ. ಇನ್ನು ಒಳ್ಳೆಯ ಡಬ್ಬಿಗಳ ಮೇಲೆ 4.49, 4.50, 4.51 ಅಂತ ತಲೆಯ ಅಳತೆ ಇರುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಏನಾಗುತ್ತದೆ ಅನ್ನಬೇಡಿ. ಒಂದೇ ಕಂಪನಿಯ ಎರಡು ಅಳತೆ ಹಾಕಿ ನೋಡಿದಾಗ ಒಂದರಲ್ಲಿ ತೂತುಗಳು ಒಂದರ ಮೇಲೊಂದು ಕೂತವು, ಇನ್ನೊಂದರಲ್ಲಿ ಅತ್ತಿತ್ತ ಹರಡಿದವು. ಪ್ರತಿ ನಳಿಗೆಗೂ ಅದರದ್ದೇ ರುಚಿ. ಪೆಲೆಟ್ ಬದಲಿಸಿದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ನಳಿಗೆ ಹೊಂದಿಕೊಳ್ಳಲು ಅಷ್ಟು ಬೇಕು.

ಅಗ್ಗದ ಲೋಕಲ್ ಡಬ್ಬಿಗಳೂ ನಡೆಯುತ್ತವೆ, ಆದರೆ ಆರಿಸಬೇಕು. ನಾನು ಮಾಡುವುದು ಇಷ್ಟು. ಹಳೆಯ ಫೋಟೋ ಫ್ರೇಮಿನ ಗಾಜು ಮೇಜಿನ ಮೇಲೆ ಮಟ್ಟಸವಾಗಿಟ್ಟು ಪೆಲೆಟ್ ಒಂದೊಂದಾಗಿ ಉರುಳಿಸುತ್ತೇನೆ. ಸರಿಯಾಗಿರುವುದು ಒಂದೇ ಸಮನೆ ಸುತ್ತು ಹಾಕಿ ಬರುತ್ತದೆ. ಹಿಂಭಾಗದ ಲಂಗದ ಹಾಗಿರುವ ಅಂಚು ಜಜ್ಜಿದ್ದು ಟಕ್ ಟಕ್ ಅಂತ ಕುಂಟುತ್ತದೆ. ಅಂಥವನ್ನು ಬೇರೆ ಡಬ್ಬಿಗೆ ಹಾಕಿ ಮನೆಗೆ ಬರುವ ಹುಡುಗರ ಅಭ್ಯಾಸಕ್ಕೆ ಕೊಡುತ್ತೇನೆ. ಅವರು ದಸರಾ ವಸ್ತುಪ್ರದರ್ಶನದ ಬಲೂನ್ ಅಂಗಡಿಯಲ್ಲಿ ಕಲಿತವರು, ಅಲ್ಲಿನ ಸೊಟ್ಟ ಗನ್ನಿಗಿಂತ ಇದು ಎಷ್ಟೋ ವಾಸಿ. ಆಟ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು. ಸೀಸ ವಿಷ, ಕಡ್ಲೆಕಾಯಿ ತಿನ್ನುತ್ತಾ ಗುಂಡು ತುಂಬುವುದು ನಮ್ಮ ಮನೆಯಲ್ಲಿ ಬಂದ್.

ಮಂಡ್ಯ ಕಡೆ ರೈತರು ಕೇಳುವುದು ಬೇರೆ: ತೆಂಗಿಗೆ ಮಂಗ, ಗದ್ದೆಗೆ ನವಿಲು, ಯಾವ ಪೆಲೆಟ್ ಹಾಕಲಿ? ಯಾವುದೂ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ, ನವಿಲಿಗೆ ಹೊಡೆದರೆ ಜೈಲು. ಕಾನೂನು ಬಿಟ್ಟರೂ 4.5 ಗುಂಡಿಗೆ ಮಂಗ ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ, ಗಾಯ ಕೊಳೆತು ನರಳುತ್ತದೆ. ಪಟಾಕಿ, ಬೆಳೆಗೆ ಹೊದಿಸುವ ಬಲೆ, ನಾಯಿ ಎಷ್ಟೋ ಮೇಲು. ಕಲ್ಲು, ಕಬ್ಬಿಣ, ನೀರಿನ ಮೇಲೂ ಹೊಡೆಯಬೇಡಿ, ಗುಂಡು ತಿರುಗಿ ಬರುತ್ತದೆ.

ಕೊಳ್ಳುವಾಗ ಒಂದು ಮಾತು. ಆನ್‌ಲೈನ್‌ನಲ್ಲಿ ತರಿಸಿದ ಒಂದು ಡಬ್ಬಿ ಕೊರಿಯರ್‌ನಲ್ಲಿ ನಜ್ಜುಗುಜ್ಜಾಗಿ ಬಂತು. ಮ್ಯಾಚ್ ಪೆಲೆಟ್ ಅಂತ ಕೊಟ್ಟ ದುಡ್ಡು, ಅರ್ಧಕ್ಕರ್ಧ ಗಾಜಿನ ಮೇಲೆ ಕುಂಟಿದವು. ಮಾರಿದವರು ವಾಪಸ್ ತಗೊಳ್ಳಲು ಪುರಾವೆ ಕೇಳಿದರು. ಈಗ ಪಾರ್ಸಲ್ ಬಿಚ್ಚುವುದನ್ನೇ ಫೋನಿನಲ್ಲಿ ವಿಡಿಯೋ ಮಾಡುತ್ತೇನೆ, ಡಬ್ಬಿ ಮುಚ್ಚಳ ತೆಗೆಯುವ ತನಕ.