ಪದ್ಮಿನಿಗೆ ಯಾವ ಬ್ರೇಕ್ ಆಯಿಲ್? ಮೂರನ್ನೂ ಹಾಕಿ ನೋಡಿದೆ

ಚಾರ್ಮಾಡಿ ಘಾಟಿ ಇಳಿಯುವಾಗ ನನ್ನ ಪ್ರೀಮಿಯರ್ ಪದ್ಮಿನಿಯ ಬ್ರೇಕ್ ಪೆಡಲ್ ಒಮ್ಮೆ ಪೂರ್ತಿ ಒಳಗೆ ಹೋಯಿತು. ಬಿಟ್ಟು ಬಿಟ್ಟು ತುಳಿದು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಅರ್ಧ ಗಂಟೆ ತಣಿದ ಮೇಲೆ ಪೆಡಲ್ ಮೊದಲಿನಷ್ಟೇ ಗಟ್ಟಿ. ಹಳೆಯ ಕಾರು ಇಟ್ಟುಕೊಂಡವರು ಈ ಲಕ್ಷಣವನ್ನು ಗುರುತಿಸಲೇಬೇಕು. ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದು ಹಿಡಿತ ತಪ್ಪಿದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ, ತಣಿದ ಮೇಲೆ ಸರಿಹೋದರೆ ಆಯಿಲ್ ಕುದಿದಿದೆ, ತುಳಿದ ಒತ್ತಡ ಆವಿಯ ಗುಳ್ಳೆಗಳಲ್ಲೇ ಕಳೆದುಹೋಗಿದೆ.

ಆಗ ಇದ್ದದ್ದು ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಹೊಸದರಲ್ಲಿ ಅದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಕರಾವಳಿಯಲ್ಲಿ ಮೂರು ಮಳೆಗಾಲ ಅದನ್ನು ಬದಲಿಸದೇ ಬಿಟ್ಟದ್ದು ನನ್ನ ತಪ್ಪು. ಹೊರತೆಗೆದಾಗ ಕಾಫಿ ಡಿಕಾಕ್ಷನ್‌ನಷ್ಟು ಕಪ್ಪಾಗಿತ್ತು.

ಮುಂದೆ ಸಿಲಿಕೋನ್ ಡಾಟ್ 5ಕ್ಕೆ ಮನಸೋತೆ. ತೇವ ಹೀರುವುದಿಲ್ಲ, ಚೆಲ್ಲಿದರೂ ಪೇಂಟ್ ಕೀಳುವುದಿಲ್ಲ. ಹಳೆಯದರೊಂದಿಗೆ ಬೆರೆಸುವಂತಿಲ್ಲವಾದ್ದರಿಂದ ಪೈಪ್‌ಗಳನ್ನೆಲ್ಲ ತೊಳೆದು, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ನಾಲ್ಕೂ ಚಕ್ರಗಳವರೆಗೆ ರಬ್ಬರ್ ವಾಷರ್ ಬದಲಿಸಿದೆ. ಏರ್ ತೆಗೆಯಲು ಮೂರು ಸಂಜೆ ಹಿಡಿಯಿತು. ಈ ಆಯಿಲ್‌ನಲ್ಲಿ ಸಣ್ಣ ಗುಳ್ಳೆಗಳು ಸೇರಿಕೊಂಡರೆ ಬೇಗ ಬಿಡುವುದಿಲ್ಲ. ಅಷ್ಟು ಮಾಡಿಯೂ ಪೆಡಲ್ ಸ್ಪಂಜಿನಂತೆಯೇ ಉಳಿಯಿತು. ಎಂಟು ತಿಂಗಳ ನಂತರ ಬಿಚ್ಚಿದರೆ ಹಿಂದಿನ ಎಡಚಕ್ರದ ಸಿಲಿಂಡರ್ ತಳದಲ್ಲಿ ತುಕ್ಕಿನ ಚುಕ್ಕಿಗಳು. ಒಳಸೇರಿದ ನೀರು ಆಯಿಲ್‌ನಲ್ಲಿ ಕರಗದೆ ಅಲ್ಲೇ ಮಡುಗಟ್ಟಿತ್ತು. ಅಂಥ ನೀರು 100 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಬಲ್ಲದು. ಶೆಡ್ಡಿನಲ್ಲಿ ನಿಂತು ಪ್ರದರ್ಶನಕ್ಕಷ್ಟೇ ಹೊರಬರುವ ಕಾರಿಗೆ ಇದು ಒಪ್ಪೀತು. ಘಾಟಿ ಇಳಿಯುವ ಕಾರಿಗೆ ನಾನಂತೂ ಮತ್ತೆ ಹಾಕುವುದಿಲ್ಲ.

ಎಲ್ಲವನ್ನೂ ಮತ್ತೊಮ್ಮೆ ತೊಳೆದು, ವಾಷರ್ ಬದಲಿಸಿ ಡಾಟ್ 4 ತುಂಬಿಸಿದೆ. ಮಿತಿ ಹೊಸದರಲ್ಲಿ 230, ನೀರು ಸೇರಿದಾಗ 155. ಡಾಟ್ 3 ಇದ್ದ ಕಾರಿಗೆ ಇಷ್ಟು ತೊಳೆಯುವ ಕೆಲಸವಿಲ್ಲ, ಎರಡೂ ಒಂದೇ ಜಾತಿಯವು. ಇದೂ ತೇವ ಹೀರುತ್ತದೆ, ಪೇಂಟ್ ತಿನ್ನುತ್ತದೆ. ಹಾಗಾಗಿ ಕೆಲಸದ ಹೊತ್ತಿಗೆ ಒದ್ದೆ ಬಟ್ಟೆ ಕೈಯಲ್ಲೇ ಇರಲಿ. ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ, ಮಳೆ ಹಿಂದೆ ಸರಿದ ಮೇಲೆ, ಪೂರ್ತಿ ಬದಲಿಸುತ್ತೇನೆ. ಮಗಳು ಪೆಡಲ್ ತುಳಿಯುತ್ತಾಳೆ, ನಾನು ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಆರಂಭಿಸಿ ಆಯಿಲ್ ಹೊರಬಿಡುವ ನಿಪ್ಪಲ್‌ಗಳನ್ನು ಒಂದೊಂದಾಗಿ ಸಡಿಲಿಸುತ್ತೇನೆ. ಒಂದೂವರೆ ಗಂಟೆಯ ಕೆಲಸ. ಕಳೆದ ತಿಂಗಳು ಘಾಟಿಯ ಮೇಲಿನ ಕೊಟ್ಟಿಗೆಹಾರದಿಂದ ಎರಡನೇ ಗೇರಿನಲ್ಲಿ ಕೆಳಗಿಳಿದೆವು. ಕೊನೆಯ ತಿರುವಿನವರೆಗೂ ಪೆಡಲ್ ಇದ್ದ ಎತ್ತರದಲ್ಲೇ ಇತ್ತು.